ಜಾಗಟೆಯ ಪೆಟ್ಟಿಗಾಗಿ ಕಾಯುವುದು: ಜಾವಾ, ಬಾಲಿ, ಬರ್ಮಾ ಸಂಗೀತ ಕೇಳಲು ಒಂದು ಮಾರ್ಗದರ್ಶಿ

ಕರ್ನಾಟಕ ಸಂಗೀತವನ್ನೋ ಹಿಂದೂಸ್ತಾನಿಯನ್ನೋ ಕೇಳಿ ಬೆಳೆದ ಗೆಳೆಯರಿಗೆ ನಾನು ಗಮೆಲಾನ್, ಅಂದರೆ ಇಂಡೊನೇಷ್ಯಾದ ಜಾವಾ, ಬಾಲಿ ದ್ವೀಪಗಳ ಕಂಚಿನ ಜಾಗಟೆ, ಪಟ್ಟಿಗಳ ಮೇಳ ಕೇಳಿಸಿದಾಗಲೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಬರುತ್ತದೆ. "ನಾದ ಚೆನ್ನಾಗಿದೆ. ಆದರೆ ಎಲ್ಲಿ ಶುರುವಾಯಿತು, ಎಲ್ಲಿಗೆ ಬಂತು, ಏನೂ ಗೊತ್ತಾಗಲಿಲ್ಲ." ಬರ್ಮಾದ ಸಂಗೀತ ಹಾಕಿದರೆ ಇನ್ನೂ ಗಲಿಬಿಲಿ. "ಎಲ್ಲರೂ ಒಟ್ಟಿಗೆ ಓಡ್ತಾರೆ, ಒಟ್ಟಿಗೆ ನಿಲ್ತಾರೆ, ತಾಳ ಎಲ್ಲಿದೆ?" ಅನ್ನುತ್ತಾರೆ.

ತಾಳ ಇದೆ. ನಾವು ಅದನ್ನು ಹುಡುಕುವ ಜಾಗ ತಪ್ಪು, ಅಷ್ಟೇ. ನಮ್ಮ ಕಿವಿ ಎಣಿಕೆಯ ಮೊದಲ ಪೆಟ್ಟನ್ನು ಹಿಡಿಯಲು ಪಳಗಿದೆ. ಆದಿತಾಳದ ಮೊದಲ ತಟ್ಟು ಸಿಕ್ಕರೆ ನಮಗೆ ನೆಮ್ಮದಿ. ಜಾವಾದಲ್ಲೂ ಬರ್ಮಾದಲ್ಲೂ ಭಾರವೆಲ್ಲ ಎಣಿಕೆಯ ಕೊನೆಯ ಪೆಟ್ಟಿನ ಮೇಲೆ ಇರುತ್ತದೆ. ಅಲ್ಲಿ ನಾಲ್ಕು ಎಣಿಸಿದರೆ ಒತ್ತು ಒಂದರ ಮೇಲೆ ಅಲ್ಲ, ನಾಲ್ಕರ ಮೇಲೆ. ಇದೊಂದನ್ನು ಕಿವಿಗೆ ಅಭ್ಯಾಸ ಮಾಡಿಸಿದರೆ ಉಳಿದದ್ದು ತಾನಾಗಿಯೇ ತೆರೆದುಕೊಳ್ಳುತ್ತದೆ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಇದಕ್ಕಾಗಿಯೇ.

ಇದು ನಮಗೆ ಪೂರ್ತಿ ಹೊಸದೇನೂ ಅಲ್ಲ. ತನಿ ಆವರ್ತನದಲ್ಲಿ ಮೃದಂಗದವರು ಮುಕ್ತಾಯ ಹಾಕುತ್ತಾ ಬರುತ್ತಾರಲ್ಲ, ಮೂರನೇ ಸಲ ಬಂದು ಸಮಕ್ಕೆ ಬಿದ್ದಾಗ ಸಭೆಯಿಡೀ ತಲೆದೂಗುತ್ತದಲ್ಲ, ಆ ಕ್ಷಣ ನೆನಪಿಸಿಕೊಳ್ಳಿ. ದಾರಿಯುದ್ದಕ್ಕೂ ಕಾದು ಕೊನೆಗೆ ಒಂದು ಕಡೆ ಬಂದು ಇಳಿಯುವ ಸುಖ ಅದು. ಗಮೆಲಾನ್‌ನಲ್ಲಿ ಪ್ರತಿ ಸುತ್ತೂ ಹೀಗೆಯೇ ಬಂದು ಇಳಿಯುತ್ತದೆ.

ಕೇಳುವ ಮೊದಲು ಎರಡು ಕೆಲಸ

ಮೊದಲನೆಯದು, ಮೊಬೈಲ್ ಸ್ಪೀಕರ್‌ನಲ್ಲಿ ಕೇಳಬೇಡಿ. ಗಮೆಲಾನ್‌ನ ದೊಡ್ಡ ಜಾಗಟೆಯ ದನಿ ತುಂಬಾ ಕೆಳಗಿನದು. ಅದನ್ನು ಗೋಂಗ್ ಅಗೆಂಗ್ ಎನ್ನುತ್ತಾರೆ. ಮೊಬೈಲಿನ ಪುಟ್ಟ ಸ್ಪೀಕರ್ ಅದನ್ನು ಎತ್ತುವುದೇ ಇಲ್ಲ. ಮೇಲಿನ ಕಿಣಿಕಿಣಿ ಮಾತ್ರ ಕೇಳಿಸುತ್ತದೆ, ಕೆಳಗಿನ ನೆಲವೇ ಇರುವುದಿಲ್ಲ. ಆಮೇಲೆ ತಾಳ ಗೊತ್ತಾಗಲಿಲ್ಲ ಅಂದರೆ ತಪ್ಪು ಯಾರದು? ಒಳ್ಳೆಯ ಇಯರ್‌ಫೋನ್ ಹಾಕಿ, ಇಲ್ಲವೇ ಮನೆಯ ದೊಡ್ಡ ಸ್ಪೀಕರ್‌ಗೆ ಜೋಡಿಸಿ.

ಎರಡನೆಯದು ಸ್ವಲ್ಪ ಕಷ್ಟ. ರಾಗ ಹುಡುಕುವುದನ್ನು ಬಿಡಿ. ಜಾವಾದಲ್ಲಿ ಎರಡು ಸ್ವರ ವ್ಯವಸ್ಥೆಗಳಿವೆ. ಸ್ಲೆಂಡ್ರೋದಲ್ಲಿ ಐದು ಸ್ವರ, ನಡುವಿನ ಅಂತರಗಳು ಹೆಚ್ಚುಕಡಿಮೆ ಸಮ. ಪೆಲೋಗ್‌ನಲ್ಲಿ ಏಳು ಸ್ವರ, ಅಂತರಗಳು ಒಂದು ದೊಡ್ಡದು, ಒಂದು ಚಿಕ್ಕದು. ಸ್ಲೆಂಡ್ರೋ ಕೇಳಿದ ಕೂಡಲೇ ನಮ್ಮ ಕಿವಿ "ಮೋಹನ" ಅನ್ನುತ್ತದೆ. ಪೆಲೋಗ್‌ನ ಕೆಲವು ಐದು ಸ್ವರಗಳ ಗುಂಪು ಕೇಳಿದರೆ "ಭೂಪಾಳದ ಹಾಗಿದೆ" ಅನ್ನುತ್ತದೆ. ಹಾಗೆ ಅನ್ನಿಸುವುದು ಸಹಜ. ಆದರೆ ಕಿವಿಯನ್ನು ಅಲ್ಲೇ ಕಟ್ಟಿಹಾಕಿದರೆ ಪ್ರತಿ ಸ್ವರವೂ ಅಪಸ್ವರವಾಗಿ ಕೇಳಿಸತೊಡಗುತ್ತದೆ. ಯಾಕೆಂದರೆ ಅವು ನಮ್ಮ ಸ್ವರಸ್ಥಾನಗಳೂ ಅಲ್ಲ, ಪಿಯಾನೋದವೂ ಅಲ್ಲ. ಇನ್ನೂ ಒಂದು ವಿಷಯವಿದೆ. ಎರಡು ಗಮೆಲಾನ್‌ಗಳ ಶ್ರುತಿ ಒಂದೇ ಇರುವುದಿಲ್ಲ. ಒಂದು ಊರಿನ ಮೇಳದ ವಾದ್ಯವನ್ನು ತಂದು ಇನ್ನೊಂದು ಊರಿನ ಮೇಳಕ್ಕೆ ಸೇರಿಸಲು ಆಗುವುದಿಲ್ಲ. ಗಮೆಲಾನ್ ಎಂದರೆ ಒಟ್ಟಿಗೆ ಹುಟ್ಟಿದ ಒಂದು ಕುಟುಂಬ. ಇಡೀ ಮೇಳಕ್ಕೆ ಒಂದೇ ಹೆಸರು ಇಡುವ ರೂಢಿಯೂ ಇದೆ. ಸೋಲೋ ನಗರದ ಮಂಕುನೆಗರನ್ ಅರಮನೆಯ ಪ್ರಸಿದ್ಧ ಮೇಳಕ್ಕೆ ಕ್ಯಾಯಿ ಕನ್ಯುತ್ ಮೆಸೆಮ್ ಎಂದು ಹೆಸರು. ಕ್ಯಾಯಿ ಎಂದರೆ ಹಿರಿಯರನ್ನು ಕರೆಯುವ ಗೌರವದ ಮಾತು.

ಪುಷ್ಪವರ್ಣದಿಂದ ಶುರು ಮಾಡಿ

ಯಾವುದನ್ನು ಮೊದಲು ಕೇಳಬೇಕು? ನನ್ನ ಉತ್ತರ ಯಾವಾಗಲೂ ಒಂದೇ: ಪುಸ್ಪವರ್ನ. ಹೌದು, ನಮ್ಮ ಪುಷ್ಪವರ್ಣವೇ. ಬಗೆಬಗೆಯ ಹೂಗಳು ಎಂದು ಅರ್ಥ. ಇದರ ಸಾಹಿತ್ಯ 19ನೇ ಶತಮಾನದ ರಾಜಕುಮಾರ ನಾಲ್ಕನೇ ಮಂಕುನೆಗರ ಅವರದೆಂದು ಜಾವಾದಲ್ಲಿ ಹೇಳುತ್ತಾರೆ. ಅರಮನೆಯಲ್ಲಿ ರಾಜಕುಮಾರರು ಸಭೆಗೆ ಬರುವಾಗ ಇದನ್ನು ನುಡಿಸುವ ಸಂಪ್ರದಾಯವಿತ್ತು.

1977ರಲ್ಲಿ ಹಾರಿದ ವಾಯೇಜರ್ ನೌಕೆಗಳಲ್ಲಿ ಒಂದು ಚಿನ್ನದ ಬಣ್ಣದ ಧ್ವನಿಮುದ್ರಿಕೆ ಇದೆಯಲ್ಲ, ಕೇಸರಬಾಯಿ ಕೇರ್ಕರ್ ಅವರ ಭೈರವಿ ಇರುವ ಮುದ್ರಿಕೆ, ಅದೇ ಮುದ್ರಿಕೆಯಲ್ಲಿ ಈ ಪುಸ್ಪವರ್ನವೂ ಇದೆ. ಯೋಗ್ಯಕರ್ತಾದ ಪಾಕುಆಲಮನ್ ಅರಮನೆಯ ಮೇಳದ್ದು, ಐದು ನಿಮಿಷಕ್ಕೂ ಕಡಿಮೆ. ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಇದನ್ನು ಧ್ವನಿಮುದ್ರಿಸಿದವರು ರಾಬರ್ಟ್ ಬ್ರೌನ್ ಎಂಬ ಅಮೆರಿಕದ ವಿದ್ವಾಂಸರು. ಅವರು ಡಾಕ್ಟರೇಟ್‌ಗಾಗಿ ಬರೆದ ಪ್ರಬಂಧ ಯಾವುದರ ಮೇಲೆ ಗೊತ್ತೇ? ಮೃದಂಗದ ಮೇಲೆ. ದಕ್ಷಿಣ ಭಾರತದ ತಾಳದಲ್ಲಿ ಪಳಗಿದ ಕಿವಿಯೇ ಜಾವಾದ ಅರಮನೆಯಲ್ಲಿ ಕೂತು ಇದನ್ನು ಹಿಡಿದುಕೊಂಡು ಬಂದಿತು. ಹಾಗಾಗಿ ನಮಗೂ ಸಾಧ್ಯ ಎಂದು ನನಗೆ ಗಟ್ಟಿ ನಂಬಿಕೆ.

ಈಗ ಕೇಳುವ ಕ್ರಮ. ಒಂದೇ ಸಲಕ್ಕೆ ಎಲ್ಲವನ್ನೂ ಹಿಡಿಯಲು ಹೋಗಬೇಡಿ. ಐದಾರು ಸಲ ಕೇಳಿ, ಪ್ರತಿ ಸಲ ಒಂದೇ ಕೆಲಸ ಮಾಡಿ.

ಮೊದಲ ಸಲ ದೊಡ್ಡ ಜಾಗಟೆಯನ್ನು ಮಾತ್ರ ಹುಡುಕಿ. ಬೇರೆ ಏನನ್ನೂ ಎಣಿಸಬೇಡಿ. ಎದೆಗೆ ತಾಗುವಂಥ ಆಳವಾದ, ನಿಧಾನವಾಗಿ ಅಲೆಅಲೆಯಾಗಿ ಆರುವ ದನಿ ಅದು. ಬಂದಾಗಲೆಲ್ಲ ಒಂದು ಬೆರಳು ಮಡಿಸಿ. ಒಂದು ಜಾಗಟೆಯಿಂದ ಇನ್ನೊಂದು ಜಾಗಟೆಯವರೆಗೆ ಒಂದು ಸುತ್ತು. ನಮ್ಮ ಆವರ್ತನದ ಹಾಗೆ, ಆದರೆ ಪೆಟ್ಟು ಬೀಳುವುದು ಬಾಗಿಲು ತೆರೆಯುವಾಗ ಅಲ್ಲ, ಮುಚ್ಚುವಾಗ.

ಎರಡನೇ ಸಲ ಸುತ್ತಿನ ನಡುಮಧ್ಯವನ್ನು ಹುಡುಕಿ. ಅಲ್ಲಿ ಕೆನೋಂಗ್ ಬರುತ್ತದೆ. ಇದು ಅಡ್ಡಲಾಗಿ ಹಗ್ಗದ ಮೇಲೆ ಕೂರಿಸಿದ ದೊಡ್ಡ ಕೊಳಗದಂಥ ಜಾಗಟೆ. ದನಿ ಸ್ಪಷ್ಟ, ಉದ್ದ. ಜಾಗಟೆಯ ಜೊತೆಗೂ ಅದು ಬರುತ್ತದೆ.

ಮೂರನೇ ಸಲ ಸುತ್ತಿನ ಮುಕ್ಕಾಲು ಭಾಗದಲ್ಲಿ ಕಿವಿ ಇಡಿ. ಅಲ್ಲಿ ಕೆಂಪುಲ್ ಎಂಬ ತೂಗುಜಾಗಟೆ, ದೊಡ್ಡದರ ಮಗುವಿನ ಹಾಗೆ.

ಈಗ ಎಣಿಸಬಹುದು. ಈ ಬಗೆಯ ರಚನೆಗೆ ಕೆತವಂಗ್ ಎನ್ನುತ್ತಾರೆ. ಸುತ್ತಿಗೆ 16 ಎಣಿಕೆ. 8ಕ್ಕೆ ಕೆನೋಂಗ್, 12ಕ್ಕೆ ಕೆಂಪುಲ್, 16ಕ್ಕೆ ದೊಡ್ಡ ಜಾಗಟೆ ಮತ್ತು ಕೆನೋಂಗ್ ಒಟ್ಟಿಗೆ. 2, 6, 10, 14ರಲ್ಲಿ ಕೆತುಕ್ ಎಂಬ ಪುಟ್ಟ ಜಾಗಟೆ. ಅದರ ದನಿ ಮೊಂಡು, "ತುಕ್" ಎಂದು ಅಲ್ಲೇ ನಿಲ್ಲುತ್ತದೆ. ಲೆಕ್ಕಕ್ಕೆ 4ರಲ್ಲೂ ಕೆಂಪುಲ್ ಬರಬೇಕಿತ್ತು ಅನ್ನಿಸುತ್ತದೆ. ಬರುವುದಿಲ್ಲ. ಆ ಜಾಗವನ್ನು ಬೇಕೆಂದೇ ಖಾಲಿ ಬಿಡುತ್ತಾರೆ, ಅದಕ್ಕೆ ವೆಲಾ ಎಂದು ಹೆಸರು. ಈಗಷ್ಟೇ ದೊಡ್ಡ ಜಾಗಟೆ ಮೊಳಗಿದೆ. ಅದರ ನಾದ ಆರಲು ಬಿಟ್ಟ ಜಾಗವಾಗಿ ನಾನು ಅದನ್ನು ಕೇಳಿಸಿಕೊಳ್ಳುತ್ತೇನೆ.

ಒಂದು ಎಚ್ಚರಿಕೆ. ಎಣಿಸುವಾಗ ನಡುವಿನ ಕಂಚಿನ ಪಟ್ಟಿಗಳ ದನಿಯನ್ನೇ ಒಂದೊಂದು ಎಣಿಕೆ ಎಂದುಕೊಳ್ಳಬೇಡಿ. ಕೆಲವು ಕಡೆ ಅದು ಎರಡು ಎಣಿಕೆಗೆ ಒಮ್ಮೆ ಮಾತ್ರ ನುಡಿಯುತ್ತದೆ. ಸಿಕ್ಕಿಕೊಂಡರೆ ಎಣಿಕೆ ಬಿಟ್ಟು ಮತ್ತೆ ದೊಡ್ಡ ಜಾಗಟೆಗೆ ಕಾಯಿರಿ. 1 ಎಂದು ಜೋರಾಗಿ ಶುರು ಮಾಡುವ ಚಪಲ ಬರುತ್ತದೆ. ಅದನ್ನು ತಡೆದು 13, 14, 15 ಎನ್ನುವಾಗ ದನಿ ಏರಿಸಿ, 16 ಎಂದು ಇಳಿಯಿರಿ. ಒಂದು ವಾರ ಹೀಗೆ ಮಾಡಿ ನೋಡಿ.

ಎಲುಬಿನಿಂದ ಎಲೆಯವರೆಗೆ

ಸುತ್ತು ಸಿಕ್ಕಿತು ಅಂದುಕೊಳ್ಳೋಣ. ಇನ್ನು ಒಳಗಿನ ಪದರಗಳು. ಇಲ್ಲಿ ಒಂದು ಸುಲಭ ಸೂತ್ರವಿದೆ: ದನಿ ಕೆಳಗಿದ್ದಷ್ಟೂ ವಾದ್ಯ ನಿಧಾನ, ಮೇಲಿದ್ದಷ್ಟೂ ಚುರುಕು. ಮರದ ಕಾಂಡ ಒಂದು, ಕೊಂಬೆ ಹತ್ತಾರು, ಎಲೆ ಸಾವಿರ, ಹಾಗೆ.

ನಡುವಿನಲ್ಲಿ ಸಾರೋನ್. ಮರದ ತೊಟ್ಟಿಯ ಮೇಲೆ ಕೂರಿಸಿದ ದಪ್ಪ ಕಂಚಿನ ಪಟ್ಟಿಗಳು, ಮರದ ಸುತ್ತಿಗೆಯಲ್ಲಿ ಬಡಿಯುತ್ತಾರೆ. ಇವು ನುಡಿಸುವ ಮೂಲ ಸಾಲಿಗೆ ಬಾಲುಂಗನ್ ಎಂದು ಹೆಸರು. ಬಾಲುಂಗ್ ಎಂದರೆ ಜಾವಾ ಭಾಷೆಯಲ್ಲಿ ಎಲುಬು. ಅದರ ಮೇಲೆ ಬೊನಾಂಗ್, ಅಂದರೆ ಎರಡು ಸಾಲಿನಲ್ಲಿ ಜೋಡಿಸಿದ ಚಿಕ್ಕ ಜಾಗಟೆಗಳು. ಎಲುಬಿನ ಸಾಲು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಇವು ಸ್ವಲ್ಪ ಮೊದಲೇ ಸುಳಿವು ಕೊಡುತ್ತವೆ. ಅದಕ್ಕಿಂತ ಮೃದುವಾಗಿ ತೆಳು ಕಂಚಿನ ಪಟ್ಟಿಗಳ ಗೆಂಡೇರ್, ಮರದ ಪಟ್ಟಿಗಳ ಗಂಬಂಗ್, ತಂತಿಯ ಸಿತೆರ್, ಬಿದಿರಿನ ಕೊಳಲು ಸುಲಿಂಗ್. ಎರಡು ತಂತಿಯ, ಕಮಾನಿನಲ್ಲಿ ನುಡಿಸುವ ರೆಬಾಬ್ ಈ ಎಲ್ಲದರ ನಡುವೆ ಮನುಷ್ಯರ ದನಿಯ ಹಾಗೆ ಎಳೆಯುತ್ತದೆ. ಒಬ್ಬ ಗಾಯಕಿ, ಗಂಡಸರ ಗುಂಪುದನಿ. ಇವರಲ್ಲಿ ಮುಖ್ಯರು ಯಾರು ಎಂದು ಕೇಳಬೇಡಿ. ಕಛೇರಿಯಲ್ಲಿ ಗಾಯಕರು ಮುಂದೆ, ಪಕ್ಕವಾದ್ಯ ಪಕ್ಕದಲ್ಲಿ. ಇಲ್ಲಿ ಆ ಏರ್ಪಾಡೇ ಇಲ್ಲ. ಗಾಯಕಿಯ ದನಿಯೂ ಮೇಳದ ಒಂದು ಎಳೆ ಅಷ್ಟೇ.

ಇಲ್ಲಿ ಒಂದು ಸಂಗತಿಗೆ ತುಸು ಹೊತ್ತು ಕೊಡಬೇಕು. ಅದು ಇರಾಮ. ನಮ್ಮಲ್ಲಿ ಪಲ್ಲವಿಯನ್ನು ಒಂದನೇ ಕಾಲ, ಎರಡನೇ ಕಾಲ ಎಂದು ಹಾಡುವಾಗ ತಾಳ ಹಾಗೆಯೇ ಇರುತ್ತದೆ, ಹಾಡು ದುಪ್ಪಟ್ಟಾಗುತ್ತದೆ. ಜಾವಾದಲ್ಲಿ ಇದು ತಿರುವುಮುರುವು. ಕೆಂಡಾಂಗ್ ಎಂಬ ಮದ್ದಳೆ ನುಡಿಸುವವರು ಸನ್ನೆ ಕೊಟ್ಟ ಕೂಡಲೇ ಸುತ್ತೇ ಹಿಗ್ಗತೊಡಗುತ್ತದೆ. ಜಾಗಟೆಯಿಂದ ಜಾಗಟೆಗೆ ದೂರ ಹೆಚ್ಚುತ್ತದೆ. ಎಲುಬಿನ ಸಾಲು ನಿಧಾನವಾಗುತ್ತದೆ. ಆದರೆ ಮೇಲಿನ ಚುರುಕು ವಾದ್ಯಗಳು ನಿಧಾನವಾಗುವುದಿಲ್ಲ. ಹಿಗ್ಗಿದ ಜಾಗದಲ್ಲಿ ಎರಡರಷ್ಟು ಸ್ವರ ತುಂಬುತ್ತವೆ. ಕೇಳುವವರಿಗೆ ಸಮಯವೇ ಅಗಲವಾದ ಹಾಗೆ ಅನ್ನಿಸುತ್ತದೆ. ಹಿಟ್ಟು ನಾದಿ ಎಳೆದಂತೆ. ಮೊದಲ ಸಲ ಇದು ಅನುಭವಕ್ಕೆ ಬಂದಾಗ ನಾನು ಅದೇ ತುಣುಕನ್ನು ಸಂಜೆಯಿಡೀ ಮತ್ತೆ ಮತ್ತೆ ಹಾಕಿಕೊಂಡು ಕೂತಿದ್ದೆ. ನೀವೂ ಎಲ್ಲಿ ಹಿಗ್ಗುತ್ತದೆ, ಎಲ್ಲಿ ಕುಗ್ಗುತ್ತದೆ ಎಂದು ಗುರುತಿಸಿ. ಎಷ್ಟೇ ಹಿಗ್ಗಲಿ, ಎಣಿಕೆ 16 ಮಾತ್ರ ಬದಲಾಗುವುದಿಲ್ಲ.

ಲೋಹದ ಬಗ್ಗೆಯೂ ಒಂದು ಮಾತು. ಜಾವಾದಲ್ಲಿ ಈ ಕಂಚಿಗೆ ಗಂಗ್ಸ ಎನ್ನುತ್ತಾರೆ, ಅದು ಸಂಸ್ಕೃತದ ಕಂಸದಿಂದ ಬಂದ ಪದ. ನಮ್ಮ ಕಂಚಿಗೂ ನಂಟು. ತಾಮ್ರ ಹತ್ತು ಪಾಲು, ತವರ ಮೂರು ಪಾಲು ಎಂಬುದು ಅಲ್ಲಿನ ಹಳೆಯ ಅಳತೆ. ದೊಡ್ಡ ಜಾಗಟೆಯನ್ನು ಅಚ್ಚಿಗೆ ಹೊಯ್ದು ಬಿಡುವುದಿಲ್ಲ. ಕೆಂಪಗೆ ಕಾಯಿಸಿ, ಹಲವರು ಸೇರಿ ಸುತ್ತಿಗೆಯಲ್ಲಿ ಬಡಿದು ಬಡಿದು ರೂಪಕ್ಕೆ ತರುತ್ತಾರೆ.

ಬಾಲಿಗೆ ಬಂದರೆ ಕಿವಿ ಬದಲಿಸಿ

ಜಾವಾ ಕೇಳಿದ ಕಿವಿಯಲ್ಲೇ ಬಾಲಿಯನ್ನು ಕೇಳಿದರೆ ಬೆಚ್ಚಿಬೀಳುತ್ತೀರಿ. ಅಲ್ಲಿ ಇಂದು ಹೆಚ್ಚು ಕೇಳಿಬರುವುದು ಗೋಂಗ್ ಕೆಬ್ಯಾರ್. 20ನೇ ಶತಮಾನದ ಮೊದಲ ಭಾಗದಲ್ಲಿ ಉತ್ತರ ಬಾಲಿಯಲ್ಲಿ ಹುಟ್ಟಿದ ಶೈಲಿ. ಕೆಬ್ಯಾರ್ ಎಂದರೆ ಥಟ್ಟನೆ ಭುಗಿಲೇಳುವುದು. ಹೆಸರಿನಂತೆಯೇ ಇದೆ ಸಂಗೀತ.

ಎರಡು ಸಂಗತಿ ಗಮನಿಸಿ. ಒಂದು, ಅಲೆ. ಬಾಲಿಯಲ್ಲಿ ಪಟ್ಟಿವಾದ್ಯಗಳು ಜೋಡಿಯಾಗಿ ಬರುತ್ತವೆ. ಜೋಡಿಯಲ್ಲಿ ಒಂದನ್ನು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲಕ್ಕೆ ಶ್ರುತಿ ಮಾಡಿರುತ್ತಾರೆ. ಎರಡನ್ನೂ ಒಟ್ಟಿಗೆ ಬಡಿದರೆ ದನಿ ಮಿಡಿಯುತ್ತದೆ. ಅದಕ್ಕೆ ಓಂಬಾಕ್ ಎಂದು ಹೆಸರು, ಅಲೆ ಎಂದು ಅರ್ಥ. ತಂಬೂರಿ ಶ್ರುತಿ ಮಾಡುವಾಗ ಎರಡು ತಂತಿಗಳ ನಡುವೆ ಇಂಥ ಮಿಡಿತ ಕೇಳಿಸಿದರೆ ನಾವು ಅದು ಹೋಗುವವರೆಗೆ ಬಿರಡೆ ತಿರುಗಿಸುತ್ತೇವೆ ಅಲ್ವಾ? ಬಾಲಿಯವರು ಅದನ್ನೇ ಬೇಕೆಂದು ಕಾಪಾಡಿಕೊಳ್ಳುತ್ತಾರೆ. ಅಲೆ ಇಲ್ಲದ ದನಿ ಅವರಿಗೆ ಜೀವವಿಲ್ಲದ ದನಿ.

ಎರಡು, ಕೊತೆಕಾನ್. ಮಿಂಚಿನ ವೇಗದಲ್ಲಿ ಹರಿಯುವ ಒಂದು ಸಾಲು ಕೇಳಿಸುತ್ತದೆ. ಅದನ್ನು ಒಬ್ಬರೇ ನುಡಿಸುತ್ತಿಲ್ಲ. ಇಬ್ಬರು ಸ್ವರಗಳನ್ನು ಹಂಚಿಕೊಂಡು, ಒಬ್ಬರ ಖಾಲಿಯಲ್ಲಿ ಇನ್ನೊಬ್ಬರು ಬಡಿಯುತ್ತಾರೆ. ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕುವುದನ್ನು ನೋಡಿದ್ದೀರಾ? ಒಂದು ಮೇಲೇಳುವಾಗ ಇನ್ನೊಂದು ಕೆಳಗೆ. ಲಯ ಒಂದಿಷ್ಟು ತಪ್ಪಿದರೂ ಒನಕೆಗೆ ಒನಕೆ ತಾಗುತ್ತದೆ. ಅದೇ ಇಲ್ಲಿನ ಗುಟ್ಟು.

ಮನೆಯಲ್ಲೇ ಮಾಡಿ ನೋಡಿ. ಇಬ್ಬರು ಎದುರುಬದುರು ಕೂತು ಮನಸ್ಸಿನಲ್ಲಿ 8 ಎಣಿಸಿ. ಒಬ್ಬರು 1, 4, 7ಕ್ಕೆ ತಟ್ಟಲಿ. ಇನ್ನೊಬ್ಬರು 2, 3, 5, 6, 8ಕ್ಕೆ. ನಿಧಾನವಾಗಿ ಶುರು ಮಾಡಿ, ನಿಲ್ಲಿಸದೆ ಹತ್ತು ಸುತ್ತು ಮುಗಿಸಿ, ಆಮೇಲೆ ವೇಗ ಹೆಚ್ಚಿಸಿ. ಪಕ್ಕದ ಕೋಣೆಯಲ್ಲಿ ಇರುವವರಿಗೆ ಒಬ್ಬರೇ ಎಡೆಬಿಡದೆ ತಟ್ಟುತ್ತಿದ್ದಾರೆ ಅನ್ನಿಸಬೇಕು. ಮಕ್ಕಳಿಗೆ ಇದು ತುಂಬಾ ಇಷ್ಟವಾಗುತ್ತದೆ. ಇದಾದ ಮೇಲೆ ಗೋಂಗ್ ಕೆಬ್ಯಾರ್ ಕೇಳಿ. ಗದ್ದಲ ಅನ್ನಿಸಿದ್ದು ಹೆಣಿಗೆಯಾಗಿ ಕೇಳಿಸುತ್ತದೆ.

ಪ್ರವಾಸಿಗರು ನೋಡಿ ಬರುವ ಕೆಚಾಕ್‌ನಲ್ಲೂ ಇದೇ ಹೆಣಿಗೆ. ಅಲ್ಲಿ ವಾದ್ಯವಿಲ್ಲ. ಗಂಡಸರ ದೊಡ್ಡ ಗುಂಪು "ಚಾಕ್ ಚಾಕ್" ಎನ್ನುತ್ತಾ ರಾಮಾಯಣದ ಕಪಿಸೈನ್ಯವಾಗುತ್ತದೆ. 1930ರ ದಶಕದಲ್ಲಿ ಈ ರೂಪಕ್ಕೆ ಬಂದದ್ದು. ಪಶ್ಚಿಮ ಜಾವಾದ ಅಂಕ್ಲುಂಗ್ ಕೂಡ ಹಂಚಿಕೊಂಡು ನುಡಿಸುವ ವಾದ್ಯವೇ. ಬಿದಿರಿನ ಕೊಳವೆಗಳನ್ನು ಅಲ್ಲಾಡಿಸಬೇಕು, ಒಬ್ಬರಿಗೆ ಒಂದೇ ಸ್ವರ. ಇಡೀ ತರಗತಿ ಸೇರಿದರೆ ಒಂದು ಹಾಡು. ಬಾಂಡುಂಗ್‌ಗೆ ಹೋದವರು ಇದನ್ನು ತಪ್ಪಿಸಿಕೊಳ್ಳಬೇಡಿ.

ಬರ್ಮಾ: ಕೈಯಲ್ಲಿ ಸೀ ಮತ್ತು ವಾ

ಬರ್ಮಾದ ಮೇಳಕ್ಕೆ ಸೈಂಗ್ ವೈಂಗ್ ಎನ್ನುತ್ತಾರೆ. ಇದನ್ನು ಮೊದಲ ಸಲ ಕಿವಿಯಿಂದ ಅಲ್ಲ, ಕಣ್ಣಿನಿಂದ ನೋಡಿ. ಅಂದರೆ ವೀಡಿಯೊ ಹುಡುಕಿ. ನಡುವೆ ಚಿನ್ನದ ಬಣ್ಣದ, ಗಾಜಿನ ಚೂರು ಕೂರಿಸಿದ ಕೆತ್ತನೆಯ ಒಂದು ದುಂಡನೆಯ ಕಟಾಂಜನ. ಅದರ ಒಳಗೋಡೆಗೆ 21 ಮದ್ದಳೆಗಳನ್ನು ಸಾಲಾಗಿ ತೂಗುಹಾಕಿರುತ್ತಾರೆ. ದೊಡ್ಡದರಿಂದ ಪುಟ್ಟದರವರೆಗೆ. ಒಳಗೆ ಒಬ್ಬ ವಾದಕ ಕೂತು ಬರಿಗೈಯಲ್ಲಿ ರಾಗವನ್ನೇ ನುಡಿಸುತ್ತಾನೆ. ಇದು ಪತ್ ವೈಂಗ್. ಚರ್ಮವಾದ್ಯದಲ್ಲಿ ತಾಳವಲ್ಲ, ಹಾಡು!

ಈ ಮದ್ದಳೆಗಳನ್ನು ಶ್ರುತಿ ಮಾಡುವುದು ಹೇಗೆ ಎಂದು ನೋಡಿದರೆ ನಮ್ಮ ಮೃದಂಗದವರಿಗೆ ಖುಷಿಯಾಗುತ್ತದೆ. ಮೃದಂಗದ ಎಡಗಡೆಗೆ ಕಛೇರಿಗೆ ಮೊದಲು ರವೆ ಕಲಸಿ ಮೆತ್ತುತ್ತಾರಲ್ಲ, ಅದೇ ರೀತಿ. ಅಲ್ಲಿ ಬೇಯಿಸಿದ ಅಕ್ಕಿಗೆ ಬೂದಿ ಸೇರಿಸಿ ನಾದುತ್ತಾರೆ. ಅದಕ್ಕೆ ಪತ್ ಸಾ, ಅಂದರೆ ಮದ್ದಳೆಯ ಊಟ ಎಂದು ಹೆಸರು. ಮೆತ್ತುವುದು ಹೆಚ್ಚಾದರೆ ದನಿ ಇಳಿಯುತ್ತದೆ, ಸ್ವಲ್ಪ ತೆಗೆದರೆ ಏರುತ್ತದೆ. 21 ಮದ್ದಳೆಗೂ ಹೀಗೆ ಕೈಯಾರೆ ಊಟ ಹಾಕಬೇಕು. ನುಡಿಸುತ್ತಿರುವಾಗಲೇ ಬೆರಳಿನಿಂದ ಒಂದಿಷ್ಟು ತೆಗೆದು, ಒಂದಿಷ್ಟು ಅಂಟಿಸಿ ಸರಿಪಡಿಸುವುದನ್ನು ವೀಡಿಯೊದಲ್ಲಿ ನೋಡಬಹುದು.

ಅದರ ಪಕ್ಕದಲ್ಲಿ ಚೀ ವೈಂಗ್, ಇದು ಜಾಗಟೆಗಳ ವೃತ್ತ. ಹಲಗೆಗಳಲ್ಲಿ ಜೋಡಿಸಿದ ಜಾಗಟೆಗಳ ಮೌಂಗ್ ಸೈಂಗ್. ಓಲಗದ ಹಾಗೆ ಊದುವ ಹ್ನೇ. ಅದರ ಬಾಯಿಯ ಲೋಹದ ಗಂಟೆ ಬಿಗಿಯಾಗಿ ಕೂರದೆ ಸಡಿಲವಾಗಿ ಜೋತಾಡುತ್ತದೆ. ಒಂದು ದೊಡ್ಡ ಮದ್ದಳೆ ಪತ್ ಮ, ವಿಚಿತ್ರ ಪ್ರಾಣಿಯೊಂದರ ಆಕಾರದ ಕಂಬಕ್ಕೆ ತೂಗುತ್ತಿರುತ್ತದೆ. ಆ ಪ್ರಾಣಿಯ ಹೆಸರು ಪ್ಯಿಂಸ ರೂಪ. ಪಂಚರೂಪ! ಐದು ಪ್ರಾಣಿಗಳ ಅಂಗಗಳು ಸೇರಿದ ಮೈ.

ಈ ಮೇಳ ಒಮ್ಮೆಲೇ ಓಡುತ್ತದೆ, ಒಮ್ಮೆಲೇ ನಿಲ್ಲುತ್ತದೆ. ಜಾವಾದ ನೀರಿನಂಥ ಹರಿವು ಇಲ್ಲಿಲ್ಲ. ರಾತ್ರಿಯಿಡೀ ನಡೆಯುವ ನಾಟಕಕ್ಕೆ, ಬೊಂಬೆಯಾಟಕ್ಕೆ, ನಾಟ್ ಎಂಬ ದೈವಗಳ ಹಬ್ಬಕ್ಕೆ, ಹುಡುಗರಿಗೆ ಬೌದ್ಧ ದೀಕ್ಷೆ ಕೊಡುವ ಸಮಾರಂಭಕ್ಕೆ ಇದೇ ಮೇಳ. ಯಕ್ಷಗಾನದ ಹಿಮ್ಮೇಳ ವೇಷದ ಒಂದೊಂದು ಹೆಜ್ಜೆಯನ್ನೂ ಹಿಡಿದು ನುಡಿಸುತ್ತದಲ್ಲ, ಇಲ್ಲೂ ಹಾಗೆ. ಕುಣಿಯುವವರ ಮೈ ತಿರುಗಿದ ಕಡೆ ಮದ್ದಳೆ ತಿರುಗುತ್ತದೆ. ಹಾಗಾಗಿ ಬರೀ ಧ್ವನಿ ಕೇಳಿದವರಿಗೆ ಅದು ತುಂಡುತುಂಡಾಗಿ ತೋರುವುದು ಸಹಜ.

ತಾಳ ಹಿಡಿಯಲು ಈ ದೊಡ್ಡ ಮೇಳಕ್ಕಿಂತ ಒಬ್ಬ ಗಾಯಕಿ ಮತ್ತು ಒಂದು ತಂತಿವಾದ್ಯ ಇರುವ ಹಾಡು ಒಳ್ಳೆಯದು. ಗಾಯಕಿಯ ಕೈ ನೋಡಿ. ಒಂದರಲ್ಲಿ ಸೀ, ಅಂದರೆ ಪುಟ್ಟ ಕೈತಾಳ. ಇನ್ನೊಂದರಲ್ಲಿ ವಾ, ಅಂದರೆ ಮರದ ಅಥವಾ ಬಿದಿರಿನ ಚಿಟಿಕೆ. ಸೀ "ಟಿಂಗ್" ಎನ್ನುತ್ತದೆ, ವಾ "ಟಕ್" ಎಂದು ಮುಚ್ಚುತ್ತದೆ. ನಮ್ಮ ಭಜನೆಯ ಕಿವಿ ಹೊಳೆಯುವ "ಟಿಂಗ್" ಅನ್ನೇ ಒತ್ತು ಎಂದು ತಿಳಿಯುತ್ತದೆ. ಅಲ್ಲ. ಒತ್ತು ಇರುವುದು ಒಣ ದನಿಯ "ಟಕ್" ಮೇಲೆ, ಎಣಿಕೆಯ ಕೊನೆಯಲ್ಲಿ. ಜಾವಾದಲ್ಲಿ ದೊಡ್ಡ ಜಾಗಟೆ ಮಾಡುವ ಕೆಲಸವನ್ನು ಇಲ್ಲಿ ಅಂಗೈಯಗಲದ ಚಿಟಿಕೆ ಮಾಡುತ್ತದೆ. ಬಲಗೈ ತೊಡೆಯ ಮೇಲೆ, ಎಡಗೈ ಮೇಜಿನ ಮೇಲೆ ಇಟ್ಟು ಟಿಂಗ್‌ಗೆ ಒಂದು, ಟಕ್‌ಗೆ ಒಂದು ತಟ್ಟುತ್ತಾ ಕೇಳಿ. ಹಾಡಿನ ಸಾಲುಗಳು ಟಕ್ ಬಳಿ ಬಂದು ಕೂರುವುದು ಬೇಗ ಗೊತ್ತಾಗುತ್ತದೆ.

ಸೌಂಗ್: ನಾವು ಕಳೆದುಕೊಂಡ ವೀಣೆ

ಆ ತಂತಿವಾದ್ಯ ಸೌಂಗ್ ಗೌಕ್ ಆಗಿದ್ದರೆ ನಿಮ್ಮ ಪುಣ್ಯ. ದೋಣಿಯಂಥ ಒಡಲು, ಅದರಿಂದ ಬಿಲ್ಲಿನ ಹಾಗೆ ಬಾಗಿ ಎದ್ದ ಕೊರಳು, ನಡುವೆ 16 ತಂತಿ. ಒಡಲು ಪಡೌಕ್ ಮರದ್ದು, ನಮ್ಮ ಹೊನ್ನೆಯ ಬಳಗಕ್ಕೆ ಸೇರಿದ ಮರ. ಕೊರಳು ಕಾಚಿನ ಮರದ ಬೇರು, ತಾನಾಗಿಯೇ ಬಾಗಿದ ಬೇರನ್ನು ಹುಡುಕಿ ತರುತ್ತಾರೆ. ಒಡಲಿಗೆ ಜಿಂಕೆಯ ಚರ್ಮ. ತಂತಿ ಮೊದಲು ರೇಷ್ಮೆ, ಈಗ ನೈಲಾನ್. ಕೆಂಪು ಕುಚ್ಚುಗಳು ಇಳಿಬಿದ್ದಿರುತ್ತವೆ.

ಹಳೆಯ ಭಾರತದಲ್ಲಿ ವೀಣೆ ಎಂದರೆ ಹೀಗೆ ಬಿಲ್ಲಿನ ಆಕಾರದ್ದೇ ಆಗಿತ್ತು. 4ನೇ ಶತಮಾನದ ಸಮುದ್ರಗುಪ್ತನ ಚಿನ್ನದ ನಾಣ್ಯದಲ್ಲಿ ಅವನ ತೊಡೆಯ ಮೇಲೆ ಇರುವುದು ಇದೇ ಬಗೆಯ ವಾದ್ಯ. ಮೆಟ್ಟಿಲುಗಳಿರುವ ಇಂದಿನ ವೀಣೆ ಬಂದ ಮೇಲೆ ನಮ್ಮಲ್ಲಿ ಅದು ಮರೆಯಾಯಿತು. ಬರ್ಮಾದಲ್ಲಿ ಉಳಿಯಿತು, ಇಂದಿಗೂ ಪಾಠ ನಡೆಯುತ್ತದೆ. ನನಗೆ ಸೌಂಗ್ ಕೇಳುವಾಗಲೆಲ್ಲ ಮನೆಯಿಂದ ದೂರ ಹೋಗಿ ನೆಲೆಸಿದ ಒಬ್ಬ ಅಜ್ಜಿಯ ದನಿ ಕೇಳಿದ ಹಾಗೆ ಆಗುತ್ತದೆ.

ನೋಡುವಾಗ ಎಡಗೈ ಹೆಬ್ಬೆರಳನ್ನು ಗಮನಿಸಿ. ಬಲಗೈ ತಂತಿ ಮೀಟುತ್ತದೆ. ಎಡ ಹೆಬ್ಬೆರಳ ಉಗುರು ಒಳಗಿನಿಂದ ತಂತಿಯನ್ನು ಒತ್ತಿ ಸ್ವರ ಏರಿಸುತ್ತದೆ. ಎರಡು ಸಾಲು ಒಟ್ಟಿಗೆ ನಡೆಯುತ್ತಿರುತ್ತವೆ, ಮೇಲೊಂದು, ಕೆಳಗೊಂದು. ಸೌಂಗ್ ಕಲಿಯುವವರು ಕ್ಯೋ ಎಂಬ ಹಾಡುಗಳಿಂದ ಶುರು ಮಾಡುತ್ತಾರೆ, ನಮ್ಮಲ್ಲಿ ಗೀತೆಗಳಿಂದ ಶುರು ಮಾಡುವ ಹಾಗೆ. ಕೇಳಲೂ ಅವೇ ಸುಲಭ. ಸೌಂಗ್ ಸಿಗದಿದ್ದರೆ ಪತ್ತಲ ಕೇಳಿ, ಅದು 24 ಬಿದಿರು ಪಟ್ಟಿಗಳ ದೋಣಿಯಾಕಾರದ ವಾದ್ಯ.

ಕ್ಯೋ ಆದ ಮೇಲೆ ಯೊಡಯಾ ಹಾಡುಗಳಿಗೆ ಬನ್ನಿ. ಜಾವಾ ಮತ್ತು ಬರ್ಮಾ ಎರಡೂ ಇಲ್ಲಿ ಸೇರುತ್ತವೆ. 1767ರಲ್ಲಿ ಬರ್ಮಾದ ಸೈನ್ಯ ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ರಾಜಧಾನಿ ಆಯುತ್ತಯಾವನ್ನು ಗೆದ್ದು, ಅಲ್ಲಿನ ಗಾಯಕರನ್ನೂ ನರ್ತಕರನ್ನೂ ಕರೆತಂದಿತು. ಅವರ ಸಂಗೀತದಿಂದ ಹುಟ್ಟಿದ ಬಗೆಗೆ ಯೊಡಯಾ ಎಂದು ಹೆಸರಾಯಿತು. ಆಯುತ್ತಯಾ ಎಂಬ ಹೆಸರು ಬಂದದ್ದು ಅಯೋಧ್ಯೆಯಿಂದ. ಆಸ್ಥಾನದ ಮಂತ್ರಿಯೂ ವಾಗ್ಗೇಯಕಾರರೂ ಆಗಿದ್ದ ಮ್ಯಾವಡಿ ಮಿಂಜಿ ಊ ಸಾ (1766–1853) ಸಯಾಮಿನ ರಾಮಾಯಣವನ್ನು ಬರ್ಮಾ ಭಾಷೆಗೆ ತಂದರು, ಹೊಸ ಹಾಡು ಕಟ್ಟಿದರು. ಸೌಂಗ್‌ಗೆ ತಂತಿಗಳನ್ನೂ ಹೆಚ್ಚಿಸಿದರು. ಅವರು ತಂದ ಇನ್ನೊಂದು ಕಥೆ ಈನೌಂಗ್. ಅದು ಜಾವಾದ ರಾಜಕುಮಾರ ಪಂಜಿಯ ಕಥೆ. ಜಾವಾದಿಂದ ಸಯಾಮಿಗೆ, ಸಯಾಮಿನಿಂದ ಬರ್ಮಾಕ್ಕೆ ಹೋದ ಒಂದೇ ಕಥೆ. ಎರಡು ನಾಡುಗಳ ಸಂಗೀತವನ್ನು ಒಟ್ಟಿಗೆ ಕೇಳಿ ಎಂದು ನಾನು ಒತ್ತಾಯ ಮಾಡುವುದಕ್ಕೆ ಇದೂ ಒಂದು ಕಾರಣ.

ಹತ್ತಿರ ಹೋಗುವ ದಿನ ಬಂದರೆ

ಬರ್ಮಾಕ್ಕೆ ಈಗ ಹೋಗಿ ಎಂದು ಹೇಳುವ ಧೈರ್ಯ ನನಗಿಲ್ಲ. 2021ರ ಸೇನಾ ದಂಗೆಯ ನಂತರದ ಕಾಳಗ, 2025ರ ಮಾರ್ಚ್‌ನಲ್ಲಿ ಮಂಡಲೆ ಸುತ್ತಮುತ್ತ ಆದ ಭೂಕಂಪ, ಇವುಗಳ ನಡುವೆ ಅಲ್ಲಿನ ಕಲಾವಿದರು ಬದುಕುತ್ತಿದ್ದಾರೆ. ಸದ್ಯಕ್ಕೆ ಅವರ ಧ್ವನಿಮುದ್ರಣಗಳನ್ನು ಸಾಧ್ಯವಾದಷ್ಟು ದುಡ್ಡು ಕೊಟ್ಟು ಕೊಳ್ಳಿ.

ಇಂಡೊನೇಷ್ಯಾ ಸುಲಭ. ಬಾಲಿಗೆ ಹೋಗುವ ಕನ್ನಡಿಗರು ಈಗ ಬಹಳ ಜನ. ಉಬುದ್‌ನ ಅರಮನೆ ಅಂಗಳದಲ್ಲಿ ಸಂಜೆ ಹೊತ್ತು ಮೇಳ ಮತ್ತು ನೃತ್ಯ ಇರುತ್ತದೆ. ಸಮಯವಿದ್ದರೆ ಜಾವಾಕ್ಕೂ ಹೋಗಿ. ಯೋಗ್ಯಕರ್ತಾ ಮತ್ತು ಸೋಲೋದಲ್ಲಿ ಪ್ರವಾದಿಯವರ ಜನ್ಮದಿನದ ಹೊತ್ತಿಗೆ ಸೆಕಾತೆನ್ ನಡೆಯುತ್ತದೆ. ಅರಮನೆಯ ಹಳೆಯ ಗಮೆಲಾನ್‌ಗಳನ್ನು ದೊಡ್ಡ ಮಸೀದಿಯ ಅಂಗಳಕ್ಕೆ ತಂದು ದಿನಗಟ್ಟಲೆ ನುಡಿಸುತ್ತಾರೆ. ವಯಾಂಗ್ ಕುಲಿತ್, ಅಂದರೆ ಅಲ್ಲಿನ ತೊಗಲುಗೊಂಬೆಯಾಟ ಸಿಕ್ಕರೆ ಪರದೆಯ ಎರಡೂ ಕಡೆ ಕೂತು ನೋಡಿ. ಮಹಾಭಾರತದ ಕಥೆ, ಹಾಗಾಗಿ ಭಾಷೆ ಬಾರದಿದ್ದರೂ ಪಾತ್ರಗಳು ಗುರುತು ಸಿಗುತ್ತವೆ. ಗೊಂಬೆ ಆಡಿಸುವ ದಾಲಾಂಗ್ ಮರದ ಪೆಟ್ಟಿಗೆಗೆ ಟಕಟಕ ಬಡಿದು ಇಡೀ ಮೇಳವನ್ನು ನಡೆಸುವುದನ್ನು ನೋಡಬೇಕಾದರೆ ಅವನ ಹಿಂಬದಿಯೇ ಕೂರಬೇಕು.

ಅಮೆರಿಕ, ಇಂಗ್ಲೆಂಡಿನಲ್ಲಿ ಇರುವವರಿಗೆ ಇನ್ನೂ ಹತ್ತಿರ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಗಮೆಲಾನ್ ಸೆಕಾರ್ ಜಯಾ 1979ರಿಂದ ಬಾಲಿ ಸಂಗೀತ ನುಡಿಸುತ್ತಿದೆ. ಲಂಡನ್ನಿನ ಸೌತ್‌ಬ್ಯಾಂಕ್ ಸೆಂಟರ್‌ನಲ್ಲಿ ಜಾವಾದ ಒಂದು ಪೂರ್ಣ ಮೇಳವಿದೆ. ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಜಾವಾ ಗಮೆಲಾನ್ ಮತ್ತು ಕರ್ನಾಟಕ ಸಂಗೀತ ಎರಡನ್ನೂ ಕಲಿಸುತ್ತಾರೆ. ಆ ವಿಭಾಗ ಕಟ್ಟಿದವರಲ್ಲಿ ಮುಖ್ಯರು ಅದೇ ರಾಬರ್ಟ್ ಬ್ರೌನ್.

ನುಡಿಸುವ ಕೋಣೆಗೆ ಹೋದಾಗ ಚಪ್ಪಲಿ ಹೊರಗೆ ಬಿಡಿ. ವಾದ್ಯವನ್ನು ದಾಟಬೇಡಿ. ಎಷ್ಟೇ ಇಕ್ಕಟ್ಟಿದ್ದರೂ ಸುತ್ತು ಹಾಕಿ ಹೋಗಿ, ಅಥವಾ ಪಕ್ಕದವರನ್ನು ಕೇಳಿ ವಾದ್ಯ ಸರಿಸಿ. ಇದನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಪುಸ್ತಕ ತುಳಿದರೆ ಕಣ್ಣಿಗೆ ಒತ್ತಿಕೊಳ್ಳುವ ಜನ ನಾವು.

ಹೊಸಬರಿಗೆ ಸಾಮಾನ್ಯವಾಗಿ ಸಾರೋನ್ ಕೊಡುತ್ತಾರೆ. ಬಲಗೈಯಲ್ಲಿ ಬಡಿಯುವುದು ಸುಲಭ. ಕಷ್ಟ ಇರುವುದು ಎಡಗೈಯಲ್ಲಿ. ಹೊಸ ಪಟ್ಟಿಯನ್ನು ಬಡಿದ ಕ್ಷಣದಲ್ಲೇ ಹಿಂದಿನ ಪಟ್ಟಿಯನ್ನು ಎಡಗೈ ಬೆರಳಲ್ಲಿ ಹಿಡಿದು ದನಿ ನಿಲ್ಲಿಸಬೇಕು. ಮೊದಲೇ ಹಿಡಿದರೆ ಸಾಲು ಕತ್ತರಿಸುತ್ತದೆ, ತಡವಾದರೆ ಎರಡು ಸ್ವರ ಕಲಸಿಹೋಗುತ್ತವೆ. ಮನೆಯಲ್ಲಿ ಎರಡು ಸ್ಟೀಲ್ ಲೋಟ ಬೋರಲು ಹಾಕಿ, ಚಮಚದಲ್ಲಿ ಬಡಿದು ಅಭ್ಯಾಸ ಮಾಡಿಕೊಂಡು ಹೋದರೆ ಒಳ್ಳೆಯದು.

ಅದೃಷ್ಟವಿದ್ದು ದೊಡ್ಡ ಜಾಗಟೆಯನ್ನೇ ಕೊಟ್ಟರೆ, ಬಟ್ಟೆ ಸುತ್ತಿದ ಕೋಲು ಹಿಡಿದು ನಡುವಿನ ಉಬ್ಬಿಗೆ ಗುರಿಯಿಡಿ. ಜೋರು ಬೇಡ. 13, 14, 15 ಎಣಿಸಿ. 16ಕ್ಕೆ ಎಲ್ಲರೂ ಬಂದು ಸೇರಲಿ, ನೀವು ಒಂದು ಕೂದಲೆಳೆಯಷ್ಟು ತಡವಾಗಿ ಬಡಿಯಿರಿ.